ಪೇಟಿ ಮಾಸ್ತರರ ಎಡಗೈ

ನಾನೊಂದು ಪೇಟಿ. ಓದಿದವರು ಹಾರ್ಮೋನಿಯಂ ಅನ್ನುತ್ತಾರೆ. ಮೀರಜದ ಕುಶಲಕರ್ಮಿಯೊಬ್ಬ ಸಾಗುವಾನಿ, ಹಿತ್ತಾಳೆ, ಕುರಿಯ ಚರ್ಮ ಎಲ್ಲ ಕೂಡಿಸಿ ನನ್ನನ್ನು ಮಾಡಿದ. ಉಸಿರು ಮಾತ್ರ ಇಡಲಿಲ್ಲ. ಅದು ನನ್ನ ಬೆನ್ನಿನ ತಿದಿ ಒತ್ತುವ ಎಡಗೈಯಿಂದ ಬರಬೇಕು. ಹೆಸರು ಬರುವುದು ಕಪ್ಪು-ಬಿಳಿ ಸ್ವರದ ಮನೆಗಳ ಮೇಲೆ ಓಡಾಡುವ ಬಲಗೈಗೆ.

ಮೊದಲು ಒಂದು ಭಜನಾ ಮಂಡಳಿಯಲ್ಲಿದ್ದೆ. ಅವರು ಜಗಳಾಡಿ ಎರಡು ಮಂಡಳಿಯಾದರು. ನನ್ನನ್ನು ಎರಡು ಮಾಡಲಾಗದೆ ನಾಟಕ ಕಂಪನಿಗೆ ಮಾರಿದರು. ಅಲ್ಲಿ ಈರಬಸಪ್ಪ ಮಾಸ್ತರರ ಕೈಗೆ ಬಿದ್ದೆ. ಅವರು ಯಾವ ಗಾಯಕರ ದನಿಯ ಹಿಂದೆಯೂ ಹೋದವರಲ್ಲ. ಬಿರುಸಾಗಿ ಗಾಳಿ ಹೊಡೆದು ನನ್ನನ್ನು ಅರಚಿಸುತ್ತಿದ್ದರು. ನಾಯಕಿ ಚಂಪಾಬಾಯಿ ಅದರಡಿಯಿಂದ ತಲೆಯೆತ್ತಿ ಹಾಡಬೇಕಿತ್ತು.

ಒಂದು ಮಧ್ಯಾಹ್ನ ತಾಲೀಮಿನಲ್ಲಿ ಹಾಡು ಮುಗಿಯಿತು. ಬಲಗೈ ಮೇಲೆದ್ದಿತು. ಎಡಗೈ ನಿಲ್ಲಲಿಲ್ಲ. ಸ್ವರವಿಲ್ಲದೆ ನಾನು ನಿಟ್ಟುಸಿರು ಬಿಡುತ್ತಲೇ ಇದ್ದೆ.

"ಯಾರಿಗ್ರೀ ಮಾಸ್ತರ ಗಾಳಿ ಬೀಸಾಕತ್ತೀರಿ?" ಎಂದು ಚಂಪಾಬಾಯಿ ನಕ್ಕಳು.

ಮಾಸ್ತರರು ನಗಲಿಲ್ಲ. "ನಾ ಅಲ್ಲ ಬಾಯಿ. ಈ ಕೈ."

ಅಂದಿನಿಂದ ಬಲಗೈ ಹಾಕಿದ ಅಂಗಿಯ ಗುಂಡಿಯನ್ನು ಎಡಗೈ ಬಿಚ್ಚತೊಡಗಿತು. ಕೈಗೆ ದೆವ್ವ ಹೊಕ್ಕಿದೆ ಎಂದರು; ನಾಟಕದವರಿಗೆ ದೆವ್ವವೆಂದರೆ ಒಳ್ಳೆಯ ಪಾತ್ರ. ಮಂತ್ರಿಸಿದ ನಿಂಬೆಹಣ್ಣನ್ನು ಆ ಕೈಗೇ ಕೊಟ್ಟರು. ಕೈ ಅದನ್ನು ಮಾಸ್ತರರ ಕಣ್ಣಿಗೇ ಹಿಂಡಿತು. ಆಮೇಲೆ ಹುಬ್ಬಳ್ಳಿಗೆ ಕರೆದೊಯ್ದರು. ಬಾಯಿ ಸೊಟ್ಟಗಾಗಿಲ್ಲ, ಕಾಲು ಬಿದ್ದಿಲ್ಲ, ಆದರೂ ಇದು ಲಕ್ವಾನೇ ಎಂದರಂತೆ ಡಾಕ್ಟರು. ಮೆದುಳಿನ ಎರಡು ಭಾಗಗಳ ನಡುವಿನ ಸೇತುವೆಗೆ ರಕ್ತ ಹರಿಯುವುದು ನಿಂತು, ಮಾಸ್ತರರ ಮಾತು ಕೈಗೆ ತಲುಪುತ್ತಿಲ್ಲ. ಕೈಗೆ ಹಿಡಿಯಲು ಏನಾದರೂ ಕೊಟ್ಟರೆ ಸುಮ್ಮನಿದ್ದೀತು ಎಂದೂ ಹೇಳಿದರಂತೆ.

ಕಂಪನಿ ಮಾಲಕರು ಬೇರೆ ಮಾಸ್ತರನನ್ನು ಗೊತ್ತುಮಾಡಿದರು.

"ಒಂದ ಹಾಡು ಕೇಳ್ರಿ. ಆಮ್ಯಾಲ ನನ್ನ ಕಳಸ್ರಿ." ಈರಬಸಪ್ಪ ಆ ಕೈಯನ್ನು ಬಲಗೈಯಿಂದ ಎತ್ತಿ, ಯಾರದೋ ಮಗುವನ್ನು ಇಳಿಸುವಂತೆ ನನ್ನ ತಿದಿಯ ಮೇಲಿಟ್ಟರು.

ಚಂಪಾಬಾಯಿ ಶುರುಮಾಡಿದಳು. ಅವಳ ದನಿ ಸಣ್ಣದಾದಲ್ಲಿ ಕೈ ಗಾಳಿಯನ್ನು ಸಣ್ಣಮಾಡಿತು. ಅವಳು ಉಸಿರೆಳೆದುಕೊಳ್ಳುವಾಗ ಕಾಯಿತು. ಬಲಗೈ ಸ್ವಲ್ಪ ಹಠ ಮಾಡಿ ಕೊನೆಗೆ ಅದರ ಹಿಂದೆ ನಡೆಯಿತು. ಅಷ್ಟು ವರ್ಷಗಳಲ್ಲಿ ಅವಳ ದನಿ ನನಗೆ ಪೂರ್ತಿ ಕೇಳಿಸಿದ್ದು ಅಂದೇ. ಮಾಲಕರು ಹಾಡು ಮುಗಿಯುವವರೆಗೆ ಕೂತು ಎದ್ದುಹೋದರು. ಬೇರೆ ಮಾಸ್ತರ ಬರಲಿಲ್ಲ.

"ಇಂಥಾ ಸಾಥ್ ಮೊದಲ ಕೊಡಬೇಕಿತ್ತ ನೋಡ್ರಿ," ಎಂದು ಚಂಪಾಬಾಯಿ ಕಣ್ಣೊರೆಸಿಕೊಂಡಳು.

"ನಾ ಕೊಟ್ಟಿಲ್ಲ ಬಾಯಿ," ಎಂದರು ಮಾಸ್ತರರು. ಕೈಯನ್ನು ನೋಡಿದ ಆ ನೋಟದಲ್ಲಿ ಹೊಟ್ಟೆಕಿಚ್ಚಿತ್ತು.

ಅವರು ತೀರಿಕೊಂಡು ಬಹಳ ಕಾಲವಾಯಿತು. ನಾನು ಹರಿದ ಪರದೆಗಳ ಗಂಟಿನ ಪಕ್ಕದಲ್ಲಿದ್ದೇನೆ. ತಿದಿಯನ್ನು ಇಲಿಗಳು ತಿಂದಿವೆ. ಸೇತುವೆ ಎಲ್ಲಿ ಕಡಿಯಿತೆಂದು ಡಾಕ್ಟರು ಹೇಳಿದರು. ಆಚೆ ದಡದಲ್ಲಿ ಕೂತು ನನ್ನನ್ನು ನುಡಿಸಿದವರು ಯಾರೆಂದು ಯಾರೂ ಹೇಳಲಿಲ್ಲ. ಹೊರಗೆ ಯಾರಾದರೂ ಹಾಡಿಕೊಂಡು ಹೋದರೆ ನನ್ನ ಬೆನ್ನು ಈಗಲೂ ಕಾಯುತ್ತದೆ. ಮಾಸ್ತರರನ್ನಲ್ಲ, ಆಚೆ ದಡದವರನ್ನು.