ನೀಲವ್ವನ ಮಡಿ ಪಂಪು

ನಾನು ಬೆನ್ನಿಗೆ ಹೊತ್ತು ಬೆಳೆಗೆ ಸಿಂಪಡಿಸುವ ಒಂದು ಪಂಪು. ಹುಟ್ಟಿದ್ದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ, ನೇತಾಡಿದ್ದು ಕುಂದಗೋಳದ ಅಂಗಡಿಯೊಂದರಲ್ಲಿ. ನನ್ನ ಜೊತೆಗಿದ್ದವರೆಲ್ಲ ವಿಷ ಕುಡಿಯಲು ಹೋದರು. ನನ್ನನ್ನು ಕೊಂಡವಳು ನೀಲವ್ವ. ಮನೆಗೆ ತಂದವಳೇ ಅರಿಸಿನ ಕುಂಕುಮ ಹಚ್ಚಿ, "ಇದು ಮಡಿ ಪಂಪು. ಇದಕ್ಕ ವಿಷ ಮುಟ್ಟಸಂಗಿಲ್ಲ," ಎಂದಳು. ನನಗೆ ಎಂಥ ಹೆಮ್ಮೆ ಅಂತೀರಿ!

ಅವಳ ಗಂಡ ಫಕೀರಪ್ಪ ಮೆಣಸಿನಕಾಯಿ ಹೊಲಕ್ಕೆ ವಿಷ ಹೊಡೆಯುತ್ತಲೇ ಒಮ್ಮೆ ಕುಸಿದು ಬಿದ್ದವನು. ಜೀವ ಉಳಿಯಿತು, ಕೈನಡುಕವೂ ಉಳಿಯಿತು. ಆಮೇಲೆ ಬದುವಿನ ಮೇಲೆ ಕೂತು ನೋಡುವುದಷ್ಟೇ ಅವನ ಪಾಲಿಗೆ ಬಂತು. "ನಮ್ಮನ್ನ ತಿನ್ನೋ ಬೆಳಿ ನಮಗ ಬ್ಯಾಡ," ಎಂದು ನೀಲವ್ವ ಸಾವಯವ ಸಂಘ ಸೇರಿದಳು. ನಿಯಮ ಬಿಗಿಯಾದದ್ದು. ಮೂರು ವರ್ಷ ಹೊಲಕ್ಕೆ ರಾಸಾಯನಿಕದ ಹನಿ ಬೀಳಬಾರದು. ಪಕ್ಕದ ಹೊಲದ ವಿಷಗಾಳಿ ತಡೆಯಲು ಅಂಚಿಗೆ ಜೋಳದ ಸಾಲು ಬೇಕು. ಪಂಪು ಬೇರೆಯೇ ಇರಬೇಕು. ಆಗಲೇ ಬೆಳೆಗೆ ಸಾವಯವ ಎಂಬ ಮುದ್ರೆ.

ನನ್ನ ಹೊಟ್ಟೆಗೆ ಬೇವಿನ ಕಷಾಯ, ಹುಳಿಮಜ್ಜಿಗೆ, ಗೋಮೂತ್ರ. ನಾತ ಕೇಳಬೇಡಿ! ಆದರೆ ಎರೆಹುಳ ಮರಳಿದವು, ಮಣ್ಣು ಮೆತ್ತಗಾಯಿತು. ಫಕೀರಪ್ಪ ಗಿಡದ ಹಸಿ ಕಾಯಿ ಕಿತ್ತು, ತೊಳೆಯದೆಯೇ ರೊಟ್ಟಿಯ ಜೊತೆ ಕಚ್ಚಿದ. ಬೇವಿನ ಕಷಾಯಕ್ಕೆ ಆ ಮನೆಯಲ್ಲಿ 'ಔಷಧಿ' ಎಂದೇ ಹೆಸರು. ಊರಿನ ಉಳಿದ ಮನೆಗಳಲ್ಲಿ ಅದೇ ಮಾತು ಅಂಗಡಿಯ ವಿಷಕ್ಕೆ.

ಮೂರನೇ ವರ್ಷ ಕಾಯಿ ಕೆಂಪೇರುವ ಹೊತ್ತಿಗೆ ನೀಲವ್ವ ಮಗಳ ಬಾಣಂತನಕ್ಕೆ ಹೋಗಿದ್ದಳು. ನೆರೆಹೊಲದ ಮಲ್ಲೇಶಿ ಬಂದ.

"ಕಾಕಾ, ಹತ್ತಿಗೆ ಔಷಧಿ ಹೊಡೀಬೇಕು. ನಮ್ಮ ಪಂಪು ಕೆಟ್ಟೈತಿ, ನಿಮ್ಮದು ಕೊಡ್ರಿ."

ಫಕೀರಪ್ಪನ ಮುಖ ಅರಳಿತು. "ನೀನೂ ನಮ್ಮ ದಾರಿಗೆ ಬಂದ್ಯಾ ತಮ್ಮಾ! ಒಯ್ಯಿ, ಒಯ್ಯಿ."

ಮಲ್ಲೇಶಿಗೆ ಆ ಮಾತು ಅರ್ಥವಾಗಲಿಲ್ಲ, ನಕ್ಕು ಒಯ್ದ. ಸಂಜೆ ತೊಳೆದೇ ತಂದುಕೊಟ್ಟ, ಪಾಪ. ತೊಳೆದರೆ ಹೋಗಲು ಅದೇನು ಕೆಸರೇ? ನನ್ನ ಕೊಳವೆಯೊಳಗೆ ವಿಷ ಕೂತಿತ್ತು. ಕೂಗಿ ಹೇಳಲು ನನಗೆ ಬಾಯಿ ಎಲ್ಲಿದೆ? ಮರುದಿನ, ಹೆಂಡತಿ ಬರುವಷ್ಟರಲ್ಲಿ ಅವಳ ಕೆಲಸ ಮುಗಿಸಿಡಬೇಕೆಂದು ಫಕೀರಪ್ಪ ಕಷಾಯ ತುಂಬಿ ನನ್ನನ್ನು ಬೆನ್ನಿಗೇರಿಸಿದ. ಕಾಯಿಲೆ ಬಿದ್ದ ಮೇಲೆ ಅದೇ ಮೊದಲು. ನಿಂತು ನಿಂತು, ಪದ ಹಾಡುತ್ತ, ಹೊಲವೆಲ್ಲ ಹೊಡೆದ.

"ಪೂರಾ ಹೊಲ ನಾನ ಹೊಡದೀನಿ ನೋಡು!" ಎಂದ, ನೀಲವ್ವ ಹೊಸ್ತಿಲು ದಾಟುವ ಮೊದಲೇ. "ಮಲ್ಲೇಶಿನೂ ಔಷಧಿ ಹೊಡಿಯಾಕ ಪಂಪು ಒಯ್ದಿದ್ದ."

ನೀಲವ್ವ ನನ್ನ ಮುಚ್ಚಳ ತೆಗೆದು ಮೂಸಿದಳು. ಬೇವಿನ ನಾತದಡಿ ಅಂಗಡಿಯ ವಿಷದ ವಾಸನೆಯಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವೇನೋ. ಆದರೆ ಸಂಘದವರ ಕಾಯಿಯೆಲ್ಲ ಒಂದೇ ರಾಶಿಗೆ ಬೀಳುತ್ತದೆ. ಅವಳದು ಬೆರೆತರೆ ಎಲ್ಲರ ಬೆಳೆಯೂ ಕೆಡುತ್ತಿತ್ತು. ಸಂಘದ ಹೆಂಗಸರನ್ನು ಮನೆಗೆ ಕರೆದು, "ನನ್ನ ಹೊಲ ಬಿಟ್ಟುಬಿಡ್ರವ್ವಾ. ಪಂಪು ಎರವಲು ಕೊಟ್ಟಾಕಿ ನಾನ," ಎಂದಳು.

"ಸುಳ್ಳು!" ಬಾಗಿಲಲ್ಲಿದ್ದ ಫಕೀರಪ್ಪ ಕೂಗಿದ. "ಕೊಟ್ಟಾಂವ ನಾನು. ಔಷಧಿ ಅಂದರ ಬೇವು ಅಂತ ತಿಳದೆ." ಮಗುವಿನ ಹಾಗೆ ಅತ್ತುಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈಗ ನಾನು ಕೊಟ್ಟಿಗೆಯ ಮೂಲೆಯಲ್ಲಿದ್ದೇನೆ, ಮೈಮೇಲೆ ಜೇಡರ ಬಲೆ. ನೀಲವ್ವ ಹೊಸ ಪಂಪು ತಂದು ಮೊದಲಿನಿಂದ ಶುರು ಮಾಡಿದ್ದಾಳೆ. ಮಣ್ಣಿಗೇನೋ ನಿಯಮವಿದೆ, ಕಾದರೆ ಮತ್ತೆ ಶುದ್ಧವೆಂದು ಒಪ್ಪುತ್ತಾರೆ. ಮನುಷ್ಯನಿಗೆ ಅಂಥದ್ದೊಂದು ಇದ್ದಂತೆ ನಾನು ಕೇಳಿಲ್ಲ. ದಿನಾ ಬೆಳಿಗ್ಗೆ ಅವಳು ಕರೆಯುತ್ತಾಳೆ, "ಬರ್ರಿ, ಬದುವಿನ ಮ್ಯಾಲರೆ ಕುಂದರ್ರಿ."

ಫಕೀರಪ್ಪ ಏಳುವುದಿಲ್ಲ. "ನಾ ಬಂದರ ಹೊಲ ಕೆಡತೈತಿ," ಅನ್ನುತ್ತಾನೆ. "ನೀ ಹೋಗು."