ಅರವತ್ತನಾಲ್ಕನೆಯ ಅಕ್ಷರ

ಧರ್ಮೇಶನಿಗೆ ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋದ ಮೇಲೆಯೇ ಹೆಂಡತಿ ರಂಜಿತಾಗೆ ಅವನ ಮೇಲೆ ಪ್ರೀತಿ ಉಕ್ಕಿದ್ದು. ಉಕ್ಕದೆ ಏನು? ಹನ್ನೆರಡು ವರ್ಷದ ಹಿಂದೆ ಶುಂಠಿಗೆ ಭರ್ಜರಿ ದರ ಬಂದಾಗ ಅವನು ಕೊಂಡಿಟ್ಟ ಬಿಟ್‌ಕಾಯಿನ್ ಈಗ ಕೋಟಿ ಬಾಳುತ್ತಿತ್ತು. ವ್ಯಾಲೆಟ್ ಇದ್ದ ಲ್ಯಾಪ್‌ಟಾಪ್ ಕೆಟ್ಟು ಎಂದೋ ಗುಜರಿ ಸೇರಿತ್ತು. ಬೇರೆ ಕಂಪ್ಯೂಟರಿನಲ್ಲಿ ಆ ವ್ಯಾಲೆಟ್ ಮತ್ತೆ ತೆರೆಯಲು ಬೇಕಾದ, ಪ್ರೈವೇಟ್ ಕೀ ಎಂಬ ಅರವತ್ತನಾಲ್ಕು ಅಕ್ಷರಗಳ ಗುಟ್ಟಿನ ಸಂಕೇತ ಇದ್ದದ್ದು ಅವನ ತಲೆಯೊಳಗೆ ಮಾತ್ರ. "ಬರೆದಿಟ್ರೆ ನೀನೇ ಕದೀತೀಯ" ಎಂದು ಅವಳ ಮುಖಕ್ಕೇ ಹೇಳಿ ಬಾಯಿಪಾಠ ಮಾಡಿಕೊಂಡಿದ್ದ ಮಹಾನುಭಾವ.

ಈಗ ಆಡುತ್ತಿದ್ದುದು ಕಣ್ಣೊಂದೇ. ರಂಜಿತಾ ಕ್ಯಾಲೆಂಡರಿನ ಹಿಂಬದಿಗೆ ಸೊನ್ನೆಯಿಂದ ಒಂಬತ್ತು, ಎ ಇಂದ ಎಫ್ ಬರೆದು ಬೆರಳು ಸರಿಸುತ್ತಿದ್ದಳು; ಸರಿಯಾದದ್ದು ಬಂದಾಗ ಅವನು ರೆಪ್ಪೆ ಬಡಿಯಬೇಕು. ಧರ್ಮೇಶನೇನು ದಡ್ಡನಲ್ಲ. ಅಕ್ಷರ ಮುಗಿದ ದಿನವೇ ತನ್ನನ್ನು ಮನೆಯಿಂದ ಸಾಗಹಾಕುತ್ತಾಳೆಂದು ಗೊತ್ತಿತ್ತು. ದಿನಕ್ಕೆ ಎರಡೇ ಕೊಟ್ಟ. ಅಷ್ಟೂ ದಿನ ಬಿಸಿ ಗಂಜಿ, ಕೈಕಾಲಿಗೆ ಎಣ್ಣೆ, ಹಾರಂಗಿ ನಾಲೆಯ ಕಡೆಗಿನ ಜಗಲಿಯಲ್ಲಿ ಎಳೆಬಿಸಿಲು. ಸುಳ್ಳು ಕೊಡದಿರಲೆಂದು ವಾರಕ್ಕೊಮ್ಮೆ ಮೊದಲಿನಿಂದ ಒಪ್ಪಿಸಬೇಕು; ಒಂದು ತಪ್ಪಿದರೂ ಆ ಹೊತ್ತಿಗೆ ಗಂಜಿಯಿಲ್ಲ.

ಅರವತ್ತಮೂರು ಕೊಟ್ಟವನೇ ಕಣ್ಣು ಮುಚ್ಚಿಕೊಂಡ. ಕೊನೆಯದೊಂದು ತನ್ನ ಬಳಿ ಇರುವತನಕ ಈ ಮನೆಯಿಂದ ತನ್ನನ್ನು ಯಾರೂ ಅಲುಗಿಸಲಾರರು ಎಂದು ಒಳಗೊಳಗೇ ಬೀಗಿದ. ರಂಜಿತಾ ಗೋಗರೆದಳು, ಅತ್ತಳು, ಗಂಜಿ ನಿಲ್ಲಿಸಿದಳು. ಎರಡು ದಿನ ಹಸಿದರೂ, ಜಪ್ಪಯ್ಯ ಎಂದರೂ ಅವನು ಕಣ್ಣು ತೆರೆಯಲಿಲ್ಲ.

ಮೂರನೆಯ ದಿನ ತಮ್ಮ ಸುದೀಪನನ್ನು ಕರೆಸಿದಳು. ಕುಶಾಲನಗರದಲ್ಲಿ ಅವನದು ಕಂಪ್ಯೂಟರ್ ಅಂಗಡಿ. ಪಾಲು ಕೇಳುತ್ತಾನೆಂದು ಅಲ್ಲಿಯವರೆಗೆ ಅವನಿಂದ ಮುಚ್ಚಿಟ್ಟಿದ್ದಳು. ಅವಳು ಅರವತ್ತಮೂರನ್ನೂ ಬರೆದಿಟ್ಟಿದ್ದ ಚೀಟಿ ನೋಡಿದ ಸುದೀಪನಿಗೆ ನಗು ತಡೆಯಲಾಗಲಿಲ್ಲ.

"ಇಷ್ಟಕ್ಕೆ ಭಾವನ್ನ ಯಾಕಕ್ಕ ಉಪವಾಸ ಕೆಡವಿದ್ದೀಯ? ಕೊನೇದಕ್ಕೆ ಬರೋದು ಕ್ಯಾಲೆಂಡರಿನ ಈ ಹದಿನಾರರಲ್ಲಿ ಒಂದು ತಾನೆ? ಒಂದೊಂದೇ ಹಾಕ್ಕೊಂಡು ಹೋದ್ರೆ ಸಿಕ್ತದೆ."

ಮಂಚದ ಪಕ್ಕದಲ್ಲೇ ಕೂತು ತನ್ನ ಲ್ಯಾಪ್‌ಟಾಪಿನಲ್ಲಿ ಹಾಕುತ್ತ ಹೋದ. ಒಂಬತ್ತನೆಯ ಸಲಕ್ಕೆ ವ್ಯಾಲೆಟ್ ತೆರೆಯಿತು. ಧರ್ಮೇಶ ಕಣ್ಣು ತೆರೆದ. ಬಚ್ಚಿಟ್ಟ ಅಕ್ಷರವನ್ನು ಈಗಲಾದರೂ ಕೊಡುತ್ತೇನೆಂದು ರೆಪ್ಪೆ ಪಟಪಟ ಬಡಿದ. ಯಾರೂ ಅವನತ್ತ ನೋಡಲಿಲ್ಲ.

ರಂಜಿತಾ ಹಾಸಿಗೆ ಹಿಡಿದವರನ್ನು ಇಟ್ಟುಕೊಳ್ಳುವ ಮೈಸೂರಿನ ಒಂದು ಆಶ್ರಮಕ್ಕೆ ಫೋನ್ ಮಾಡಿ, ಬೆಳಿಗ್ಗೆಯೇ ವ್ಯಾನ್ ಕಳಿಸಲು ಹೇಳಿದಳು. ಆಮೇಲೆ ಬಂದು ಅವನ ಬಾಯಿ ಒರೆಸಿದಳು.

"ಪೂರ್ತಿ ಕೊಟ್ಟಿದ್ರೆ ಮನೇಲೇ ಇಟ್ಕೊಳ್ಳೋಣ ಅಂತಿದ್ದೆ ಕಣ್ರೀ," ಅಂದಳು. "ಸಾಯೋಗಂಟ."

ನಿಜವೋ, ಕಡೆಯದಾಗಿ ಒಂದು ಇರಿತವೋ? ಕೇಳಲು ಧರ್ಮೇಶನಿಗೆ ಬಾಯಿರಲಿಲ್ಲ. ಅವಳು ಆಗಲೇ ಬೆನ್ನು ತಿರುಗಿಸಿ ಅವನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.