ಬಾಣಂತಿ ಚೆಲುವಯ್ಯನ ಹರಿಗೋಲು

ದುಂಡಮ್ಮ ಬಗ್ಗಿ ಅಂತರಗಂಗೆಯ ಕಳೆಯನ್ನು ಬೇರುಸಹಿತ ಎಳೆದು ನನ್ನೊಳಗೆ ಹಾಕುತ್ತಿದ್ದಾಳೆ. ಕೆರೆಯಲ್ಲಿ ನೀರು ಮತ್ತೆ ಕಾಣತೊಡಗಿದೆ. ಬೇರುಗಳಿಂದ ಸೋರುವ ಕೆಸರು ಅವಳ ಹಿಮ್ಮಡಿಯ ಬಿರುಕುಗಳಲ್ಲಿ ತುಂಬಿಕೊಳ್ಳುತ್ತದೆ. ಅವಳ ಮುಖಕ್ಕಿಂತ ಆ ಹಿಮ್ಮಡಿಗಳನ್ನೇ ನಾನು ಚೆನ್ನಾಗಿ ಬಲ್ಲೆ.

ನಾನು ಒಂದು ಹರಿಗೋಲು. ಈ ಕಾಡುಕೆರೆಯ ದಡದಲ್ಲೇ ಅವಳ ಅಪ್ಪ ಚೆಲುವಯ್ಯ ಬಿದಿರು ಸೀಳಿ ನನ್ನನ್ನು ಹೆಣೆದ. ತಳಕ್ಕೆ ಬಳಿದ ಡಾಂಬರು ಒಣಗುವ ಮೊದಲೇ ಅವನ ಹೆಂಡತಿ ಹಸುಗೂಸನ್ನು ಬಿಟ್ಟು ಇನ್ನೊಬ್ಬನ ಜೊತೆ ಹೊರಟುಹೋದಳು. ಅವನು ನನ್ನೊಳಗೆ ಹುಲ್ಲು ಹಾಸಿ, ಕೂಸನ್ನು ಮಲಗಿಸಿಕೊಂಡೇ ಬಲೆ ಬೀಸಿದ. ನೀರುನಾಯಿಗಳು ತಲೆಯೆತ್ತಿ ನೋಡುತ್ತಿದ್ದವು. ಆನೆಗಳು ನೀರಿಗಿಳಿದರೆ ನಾವು ಜೊಂಡಿನ ಮರೆ ಸೇರುತ್ತಿದ್ದೆವು. ಕೂಸು ಅಳದಿರಲೆಂದು ಅವನು ತನ್ನ ಕಿರುಬೆರಳನ್ನು ಅದರ ಬಾಯಿಗಿಡುತ್ತಿದ್ದ.

ಊರಿನವರು ಅವನಿಗೆ ಬಾಣಂತಿ ಚೆಲುವಯ್ಯ ಎಂದು ಹೆಸರಿಟ್ಟರು. ಅವನು ನಕ್ಕುಬಿಡುತ್ತಿದ್ದ. ಬೆಳೆದ ಮೇಲೆ ದುಂಡಮ್ಮನಿಗೆ ಮಾತ್ರ ಆ ಹೆಸರು ಕಿವಿಗೆ ಬಿದ್ದರೆ ತಲೆ ತಗ್ಗುತ್ತಿತ್ತು.

ಅವನು ತೀರಿಕೊಂಡ ಮೇಲೆ ನಾನು ಅವಳ ಪಾಲಿಗೆ ಬಂದೆ. ಈಗ ಕೆರೆಯ ಕಳೆ ತೆಗೆಯುವುದು ಅವಳ ಕೂಲಿ. ನನ್ನ ತಳ ಸೋರುತ್ತದೆ. ಹೊಸ ಫೈಬರ್ ದೋಣಿ ಬರಲಿದೆಯಂತೆ.

ನಡುಗೆರೆಯಲ್ಲಿ ತೇಲುವ ಅಂತರಗಂಗೆಯ ಒಂದು ಹಾಸನ್ನು ಅವಳು ಮುಟ್ಟಿಲ್ಲ. ಅದರ ಮೇಲೆ ಉದ್ದ ಬಾಲದ ದೇವನಕ್ಕಿ ಮೊಟ್ಟೆಗೆ ಕಾವು ಕೊಡುತ್ತಿದೆ. ಬಾಣಂತಿ ಇದೆ, ಅತ್ತ ಯಾರೂ ಹೋಗಬೇಡಿ ಎಂದು ಅವಳು ಕಾಡುಕಾವಲಿನ ನಂಜುಂಡಿಗೆ ಹೇಳಿದ್ದಳು. ಇವತ್ತು ಅವನು ದಡದಿಂದಲೇ ನಕ್ಕ.

"ಅಕ್ಕ, ನಿನ್ ಬಾಣಂತಿ ಗಂಡು ಕಣಕ್ಕ. ಹಕ್ಕಿ ನೋಡೋಕ್ ಬಂದಿದ್ದೋರು ಹೇಳುದ್ರು. ಹೆಣ್ಣು ಮೊಟ್ಟೆ ಇಟ್ಬುಟ್ಟು ಇನ್ನೊಂದ್ರ ಹಿಂದೆ ಹೋಯ್ತದಂತೆ. ಗಂಡಿಗ್ಯಾವ ಬಾಣಂತನ? ಅದ್ನೂ ಕಿತ್ತಾಕು. ನಾಳೆ ಸಾಹೇಬ್ರು ಬತ್ತಾರೆ, ಒಂದೆಲೆ ಕಾಣ್ಬಾರ್ದು."

ಅವಳ ಕೈ ನಿಂತಿತು. "ಮರಿ ಆದ್ಮೇಲೆ?"

"ಅದೇ ಸಾಕ್ತದಂತೆ. ಏನಾರ ಬಂದ್ರೆ ಮರಿಗೋಳ್ನ ರೆಕ್ಕೆ ಕೆಳ್ಗೆ ಇರುಕ್ಕಂಡು ಓಡ್ತದಂತೆ."

ಅವನು ನಗುತ್ತಲೇ ಕಾವಲುಗೋಪುರದ ಕಡೆಗೆ ಹೋದ. ಅವಳು ನನ್ನನ್ನು ಆ ಹಾಸಿನ ಹತ್ತಿರಕ್ಕೆ ತಂದಳು. ಹಕ್ಕಿ ಎದ್ದು ನಿಂತಿತು, ರೆಕ್ಕೆ ಅಗಲಿಸಿತು, ಮೊಟ್ಟೆ ಬಿಟ್ಟು ಕದಲಲಿಲ್ಲ. ಅವಳು ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದಳು.

"ಬಾಣಂತಿ ಚೆಲುವಯ್ಯ," ಎಂದಳು ಮೆಲ್ಲಗೆ. ಆ ಹೆಸರು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ನನ್ನ ಹಗ್ಗ ಬಿಚ್ಚಿದಳು. ಒಂದು ತುದಿಯನ್ನು ಹಾಸಿನ ಬೇರುಗಳಿಗೆ ಸುತ್ತಿ, ಇನ್ನೊಂದನ್ನು ಸೊಂಟಕ್ಕೆ ಬಿಗಿದು, ಹುಟ್ಟಿನ ಸದ್ದಾಗದಂತೆ ನನ್ನನ್ನು ನಡೆಸುತ್ತಾ ಅದನ್ನು ಎಳೆಯತೊಡಗಿದಳು. ಹಕ್ಕಿ ಕುಳಿತೇ ಬಂತು. ನಾವು ಮೊದಲು ಆನೆಗಳಿಗೆ ಹೆದರಿ ಅಡಗುತ್ತಿದ್ದ ಅದೇ ಜೊಂಡಿನ ಹಿಂದೆ, ನೀರಿನಲ್ಲಿ ನಿಂತ ಒಣಮರದ ಬುಡಕ್ಕೆ ನನ್ನ ಹಗ್ಗದಿಂದಲೇ ಹಾಸನ್ನು ಕಟ್ಟಿದಳು. ಗಾಳಿ ಬೀಸಿದರೂ ಇನ್ನು ಅದು ಎಲ್ಲಿಗೂ ತೇಲಿಹೋಗುವುದಿಲ್ಲ.

ಸಂಜೆ ನಂಜುಂಡಿ ಬಂದು ಬಯಲಾದ ಕೆರೆ ನೋಡಿ ತಲೆದೂಗಿದ. ಹಗ್ಗ ಎಲ್ಲಿ ಎಂದು ಕೇಳಿದ.

"ಹಳೇದು, ಕಿತ್ತೋಯ್ತು," ಎಂದಳು ದುಂಡಮ್ಮ, ನನ್ನನ್ನು ದಡಕ್ಕೆಳೆದು ಬೋರಲು ಹಾಕುತ್ತಾ.

ನಾನಿನ್ನು ನೀರಿಗಿಳಿಯಲಾರೆ. ನನ್ನ ಹಗ್ಗ ಮಾತ್ರ ಅಲ್ಲಿ ಇನ್ನೂ ಕೂಸು ಕಾಯುತ್ತಿದೆ.